ತಟ್ಟೆಯಂಚಿನ ತುತ್ತು

ಹೋದ ತಿಂಗಳು ನೀವೆಲ್ಲ ಸೇರಿ ನನ್ನನ್ನು ಬೆಂಗಳೂರಿನ ಆ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದಿರಲ್ಲ, ಹನ್ನೊಂದು ತಟ್ಟೆ ಒಂದಾದ ಮೇಲೆ ಒಂದು ಬಂದವಲ್ಲ, ಒಂದೊಂದರಲ್ಲೂ ಗುಬ್ಬಿಗೆ ಇಡುವಷ್ಟು ತಿನಿಸು, ಅಲ್ಲಿ ನಾನು ಒಂದು ಕೆಲಸ ಮಾಡಿದೆ. ಏಳನೆಯದೋ ಎಂಟನೆಯದೋ ತಟ್ಟೆ ತೆಗೆಯಲು ಬಡಿಸುವವನು ಬಂದಾಗ ಕೈ ಚಾಚಿ ತಟ್ಟೆಯನ್ನು ಒತ್ತಿ ಹಿಡಿದುಬಿಟ್ಟೆ. ನನ್ನ ತಟ್ಟೆಯನ್ನಲ್ಲ, ನಿಮ್ಮಲ್ಲಿ ದೊಡ್ಡವಳ ತಟ್ಟೆಯನ್ನು. ಬಡಿಸುವವನು ಗಾಬರಿಯಾದ. ನೀವು ನಕ್ಕಿರಿ. ನಾನೂ ನಕ್ಕು ಕೈ ತೆಗೆದೆ. ಮನೆಗೆ ಬಂದ ಮೇಲೆ ಯಾಕಜ್ಜಿ ಹಾಗೆ ಮಾಡಿದೆ ಅಂತ ಕೇಳಿದಿರಿ. ಹೇಳಲು ಬಾಯಿ ಬರಲಿಲ್ಲ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು, ಆ ನಾಲ್ಕು ಜನ ಮೊಮ್ಮಕ್ಕಳಾದರೂ ಆಗದು. ಬರೆದರೆ ಯಾರೂ ನನ್ನ ಮುಖ ನೋಡುವುದಿಲ್ಲ. ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎಪ್ಪತ್ತರ ದಶಕದ ಮಾತು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ಮಾಡದಕೆರೆ ಹತ್ತಿರದ ಹಳ್ಳಿಯಲ್ಲಿ ಅತ್ತೆಯ ಜೊತೆ ಇದ್ದೆ. ನಿಮ್ಮಜ್ಜ ಚಿತ್ರದುರ್ಗದ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ನಮ್ಮದು ಕುರಿ ಸಾಕುವ ಮನೆತನ. ಅದರಲ್ಲಿ ಪೆನ್ನು ಹಿಡಿದು ದುಡಿದವರು ಅವರೇ ಮೊದಲು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಮನೆ ತುಂಬ ಜನ. ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಅವರು ಬಂದಾಗ ನಾನು ಒಳಗಿರುತ್ತಿದ್ದೆ, ನಾನು ಹೊರಗೆ ಬರುವಷ್ಟರಲ್ಲಿ ಅವರನ್ನು ಯಾರೋ ಹೊಲದ ಕಡೆ ಕರೆದುಕೊಂಡು ಹೋಗಿರುತ್ತಿದ್ದರು.

ನಾವು ಮಾತಾಡುತ್ತಿದ್ದದ್ದು ಗಂಗಾಳದಲ್ಲಿ. ನಗಬೇಡಿ. ಗಂಗಾಳ ಅಂದರೆ ಊಟದ ಹಿತ್ತಾಳೆ ತಟ್ಟೆ. ನಮ್ಮ ಕಡೆ ಗಂಡಸರು ಉಂಡು ಏಳುವವರೆಗೆ ಹೆಂಗಸರು ಉಣ್ಣುತ್ತಿರಲಿಲ್ಲ. ಅವರು ಎದ್ದ ಮೇಲೆ ಹೆಂಡತಿ ಗಂಡನ ಗಂಗಾಳಕ್ಕೇ ತನಗೆ ಬಡಿಸಿಕೊಂಡು ಉಣ್ಣಬೇಕು. ಗಂಡ ಆದವನು ಅದರ ಅಂಚಿನಲ್ಲಿ ಅವಳಿಗೆಂದು ಒಂದು ತುತ್ತು ಬಿಟ್ಟು ಏಳಬೇಕು. ಈಗ ನಿಮಗೆ ಇದು ಸರಿ ಕಾಣದು. ಸರಿಯೋ ತಪ್ಪೋ ನಾನು ವಾದ ಮಾಡುವುದಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಬೇರೆಯವರು ಬಿಡುತ್ತಿದ್ದದ್ದು ಉಳಿದದ್ದನ್ನು, ನಿಮ್ಮಜ್ಜ ಬಿಡುತ್ತಿದ್ದದ್ದು ಒಳ್ಳೆಯದನ್ನು. ಮುದ್ದೆಯ ನಡುವಿನ ಮೆತ್ತನೆಯ ಭಾಗ, ಸಾರಿನಲ್ಲಿದ್ದ ಒಂದೇ ಒಂದು ಬದನೆಕಾಯಿ ಹೋಳು, ಹೋಳಿಗೆಯ ದಿನ ಹೂರಣ ಹೆಚ್ಚಿದ್ದ ಕಡೆಯ ತುಂಡು. ಅದನ್ನು ನೋಡಿದರೆ ಹದಿನೈದು ದಿನ ನನ್ನ ನೆನಪಿತ್ತೋ ಇಲ್ಲವೋ ತಿಳಿಯುತ್ತಿತ್ತು. ಒಮ್ಮೆ ಏನೋ ಸಿಟ್ಟಿನಲ್ಲಿ ಗಂಗಾಳ ಬಳಿದು ಎದ್ದುಹೋಗಿದ್ದರು. ಆ ಹದಿನೈದು ದಿನ ನನಗೆ ಕೈಕಾಲು ನಿಂತ ಕಡೆ ನಿಲ್ಲಲಿಲ್ಲ.

ಹೀಗಿರುವಾಗ ಮಿಲ್ಲಿನ ಕಾಂಪೌಂಡಿನಲ್ಲಿ ಒಂದು ಕ್ವಾರ್ಟರ್ಸ್ ಖಾಲಿಯಾಯಿತು. ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ನಲ್ಲಿ. ನಿಮ್ಮಜ್ಜ ಕುರಿ ಕೂಡುವ ರೊಪ್ಪದ ಹಿಂದೆ, ಯಾರೂ ಇಲ್ಲದಾಗ, ನನ್ನನ್ನು ನಿಲ್ಲಿಸಿಕೊಂಡು ಇದ್ದಿಲಿನಲ್ಲಿ ಬಂಡೆಯ ಮೇಲೆ ಅದರ ನಕ್ಷೆ ಬರೆದು ತೋರಿಸಿದರು. "ಇಲ್ಲಿ ಒಲೆ. ಇಲ್ಲಿ ಕಿಟಕಿ ಐತೆ, ಕಿಟಕಿಯಾಗೆ ಕ್ವಾಟೆ ಬೆಟ್ಟ ಕಾಣ್ತೈತೆ" ಅಂದರು. ಆಮೇಲೆ ಮಳೆ ಬಂದು ಅದು ಅಳಿಸಿತು. ಆದರೆ ನಾನು ದಿನಾ ಅದರೊಳಗೆ ಓಡಾಡುತ್ತಿದ್ದೆ. ಕಸ ಗುಡಿಸುವಾಗ ಅಲ್ಲಿ ಗುಡಿಸುತ್ತಿದ್ದೆ, ರಾಗಿ ಬೀಸುವಾಗ ಆ ಕಿಟಕಿಯ ಕೆಳಗೆ ಕೂತಿರುತ್ತಿದ್ದೆ.

ಆ ಮನೆ ಕೊಡುವುದು ಬಿಡುವುದು ಮ್ಯಾನೇಜರ ಕೈಯಲ್ಲಿತ್ತು, ಅಂದರೆ ಅವರ ಹೆಂಡತಿಯ ಕೈಯಲ್ಲಿ. ಹಿಂದೆ ಅಲ್ಲಿದ್ದ ಸಂಸಾರದವರು ಮುಂಬಾಗಿಲಿನಲ್ಲಿ ಮೇಕೆ ಕಟ್ಟಿದ್ದರಂತೆ. ಅದು ಮ್ಯಾನೇಜರ ಮನೆಯ ಕ್ರೋಟನ್ ಗಿಡಗಳನ್ನೆಲ್ಲ ಮೇಯ್ದಿತ್ತಂತೆ. ಅಂದಿನಿಂದ ಆ ಅಮ್ಮನವರು ಯಾವ ಸಂಸಾರಕ್ಕೆ ಮನೆ ಕೊಡುವುದಾದರೂ ಮೊದಲು ಗಂಡಹೆಂಡಿರನ್ನು ಊಟಕ್ಕೆ ಕರೆದು ನೋಡುತ್ತಿದ್ದರು. ಊಟ ಅವರ ಮನೆಯಲ್ಲಲ್ಲ, ಪೂನಾ ರಸ್ತೆಯ ಪಕ್ಕ ಹೊಸದಾಗಿ ಆಗಿದ್ದ ದೊಡ್ಡ ಹೋಟೆಲಿನಲ್ಲಿ. ಕಾರಿನಲ್ಲಿ ಬೆಂಗಳೂರಿಗೆ ಹೋಗುವವರು ಬರುವವರು ಇಳಿಯುವ ಜಾಗ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸುವುದಿಲ್ಲ, ಒಂದು ತಂದಿಟ್ಟು, ಅದನ್ನು ತೆಗೆದು, ಇನ್ನೊಂದು ತಂದಿಡುತ್ತಾರೆ ಅಂತ ನಿಮ್ಮಜ್ಜ ಹೇಳಿದರು.

"ನಮ್ಮದು ಕುರಿ ಸಾಕೋ ಮನೆ ಅಂತ ಅವ್ರಿಗೆ ಗೊತ್ತು. ಮೇಕೆ ನೋಡಿದ ಕಣ್ಣಾಗೇ ನಿನ್ನ ನೋಡ್ತಾರೆ. ನೀನು ಒಂಚೂರು ನೆಟ್ಟಗಿದ್ರೆ ಮನೆ ನಮ್ಮದು" ಅಂದರು.

ಮುಂದಿನ ಸಲ ಬರುವಾಗ ಅಂಗಿಯ ಜೇಬಿನಲ್ಲಿ ಒಂದು ಚಮಚ ಬಚ್ಚಿಟ್ಟುಕೊಂಡು ತಂದರು. ರೊಪ್ಪದ ಹಿಂದೆ ಬಟ್ಟಲಿನಲ್ಲಿ ಮಜ್ಜಿಗೆ ಹಾಕಿ ನನಗೆ ಕಲಿಸಿದರು. ಸೊರ್ ಅನ್ನಬಾರದು. ಬಟ್ಟಲನ್ನು ಎತ್ತಬಾರದು. ತೊಡೆಯ ಮೇಲೆ ಬಿಳಿ ಬಟ್ಟೆ ಹಾಕಿಕೊಳ್ಳಬೇಕು. ಅತ್ತೆ ಎಲ್ಲಿಂದಲೋ ಬಂದು ನೋಡಿಬಿಟ್ಟರು.

"ಏನ್ಲಾ ಅದು, ಬಾಯಿಗೆ ಕಬ್ಬಿಣ ಇಕ್ತೀಯ ಅವಳಿಗೆ? ಕುದುರೆ ಏನ್ಲಾ ಅವಳು?"

"ದುರ್ಗದಾಗೆ ಹಿಂಗೇ ಉಣ್ಣೋದು ಕಣವ್ವ."

"ಹಂಗಾರೆ ದುರ್ಗದೋರಿಗೆ ಕೈ ಇಲ್ವಾ?"

ನಿಮ್ಮಜ್ಜ ಎಲ್ಲ ಕಲಿಸಿದರು. ಚಮಚ ಹಿಡಿಯುವುದು, ಥ್ಯಾಂಕ್ಸ್ ಅನ್ನುವುದು, ಎಡಗೈಯನ್ನು ಎಲ್ಲಿಡಬೇಕು ಅನ್ನುವುದು. ಒಂದೇ ಒಂದು ಮಾತು ಹೇಳಲಿಲ್ಲ. ನನ್ನ ಜೊತೆಗೇ ನೀನೂ ಉಣ್ಣು ಅಂತ ಹೇಳಲಿಲ್ಲ. ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಆ ಭಾನುವಾರ ಮೊದಲ ಬಸ್ಸಿಗೆ ಹೊರಟೆವು. ಹೊಸದುರ್ಗದಲ್ಲಿ ಬಸ್ಸು ಬದಲಿಸಿದೆವು. ಹೊಳಲ್ಕೆರೆಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು, ಕಿಟಕಿಯ ಹತ್ತಿರ ಮಂಡಕ್ಕಿ ಮಾರುವವಳು ಬಂದಳು. "ಬ್ಯಾಡ, ಹೊಟ್ಟೆ ಖಾಲಿ ಇರ್ಲಿ, ಅಲ್ಲಿ ಭಾಳ ತರ್ತಾರೆ" ಅಂದರು. ಹಿಂದಿನ ದಿನ ಗಡಿಬಿಡಿಯಲ್ಲಿ ನಾನು ರಾತ್ರಿಯೂ ಸರಿಯಾಗಿ ಉಂಡಿರಲಿಲ್ಲ. ಸೀರೆಯ ನೆರಿಗೆಯನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದೆ. ಕೂತರೆ ಏಳಬೇಕು ಅನಿಸುತ್ತಿತ್ತು, ಎಲ್ಲಿಗೆ ಏಳುವುದು ಬಸ್ಸಿನಲ್ಲಿ.

ಹೋಟೆಲಿನ ಒಳಗೆ ಹಗಲಲ್ಲೂ ದೀಪ ಹಚ್ಚಿದ್ದರು. ಕಿಟಕಿಗೆಲ್ಲ ದಪ್ಪ ಪರದೆ. ಮೇಜಿನ ಮೇಲೆ ನಮ್ಮೂರಿನಲ್ಲಿ ಮದುಮಗನಿಗೆ ಉಡಿಸುವಂಥ ಬಿಳಿ ಬಟ್ಟೆ. ಮ್ಯಾನೇಜರು ದಪ್ಪಗೆ, ನಗುಮುಖದವರು. ಅವರ ಹೆಂಡತಿ ತೆಳ್ಳಗೆ, ಕನ್ನಡಕ ಹಾಕಿದ್ದರು, ಮೈಸೂರಿನ ಕಡೆಯ ಮಾತು. ನನ್ನನ್ನು ತಮ್ಮ ಎದುರಿಗೆ, ನಿಮ್ಮಜ್ಜನ ಪಕ್ಕದಲ್ಲಿ ಕೂರಿಸಿದರು. ಗಂಡಸರ ಸಮಕ್ಕೆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಬಡಿಸುವವರು ವಯಸ್ಸಾದ ಒಬ್ಬ ಸಾಬರು. ಬಿಳಿ ಗಡ್ಡ, ಬಿಳಿ ಕೋಟು, ಹೆಜ್ಜೆಯ ಸದ್ದೇ ಇಲ್ಲ. "ಆರಾಮಾಗಿ ಕುಂತ್ಕಳ್ರಮ್ಮ" ಅಂತ ಕುರ್ಚಿಯನ್ನು ಮುಂದೆ ತಳ್ಳಿದರು. ನಾನು ಬೆಚ್ಚಿ ಎದ್ದುನಿಂತೆ. ಮತ್ತೆ ಕೂರಿಸಿದರು.

ಮೊದಲು ಟೊಮೇಟೊ ಸೂಪು ಬಂತು. ಮೇಲೆ ಹುರಿದ ಬ್ರೆಡ್ಡಿನ ಚೂರುಗಳು ತೇಲುತ್ತಿದ್ದವು. ಮೂವರೂ ಶುರುಮಾಡಿದರು. ನಾನು ಕೈ ಕಟ್ಟಿ ಕೂತೆ. ಮ್ಯಾನೇಜರ ಹೆಂಡತಿ ಗಂಡನ ಜೊತೆಗೇ ಕುಡಿಯುತ್ತಿದ್ದರು, ಅದು ಅವರ ಕಡೆಯ ಪದ್ಧತಿ ಇರಬೇಕು ಅಂದುಕೊಂಡೆ. ನನ್ನ ಮುಂದೆಯೂ ಬಟ್ಟಲು ಇಟ್ಟಿದ್ದರು. ಮೊದಲೇ ಬಡಿಸಿಟ್ಟಿರುತ್ತಾರೆ, ಅವರದಾದ ಮೇಲೆ ನನ್ನದು, ಅಂತ ಲೆಕ್ಕ ಹಾಕಿದೆ. ನಿಮ್ಮಜ್ಜ ಕುಡಿದು, ತಳದಲ್ಲಿ ನಾಲ್ಕು ಚಮಚದಷ್ಟು ಸೂಪು, ಅದರಲ್ಲಿ ಎರಡು ಬ್ರೆಡ್ಡಿನ ಚೂರು ಉಳಿಸಿ ಚಮಚ ಕೆಳಗಿಟ್ಟರು. ಅದು ಅವರಿಗೆ ಗೊತ್ತಿದ್ದು ಮಾಡಿದ್ದಲ್ಲ, ಕೈಯ ಅಭ್ಯಾಸ. ನಾನು ಕಣ್ಣಂಚಿನಲ್ಲಿ ನೋಡಿ ಒಳಗೊಳಗೇ ಹಿಗ್ಗಿದೆ. ಇನ್ನು ಎಲ್ಲರೂ ಏಳುತ್ತಾರೆ ಅಂತ ಕಾದೆ. ಯಾರೂ ಏಳಲಿಲ್ಲ. ಸಾಬರು ಬಂದು ಎಲ್ಲ ಬಟ್ಟಲು ಎತ್ತಿಕೊಂಡರು. "ನಿಮ್ದೂ ತೆಗೀಲಾ ಅಮ್ಮ?" ಅಂದರು. ಗಂಡಸರು ಕೇಳಿದಾಗ ತಲೆ ತಗ್ಗಿಸುವುದು ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ. ತಗ್ಗಿಸಿದೆ. ಹೂಂ ಅಂದಹಾಗೆ ಆಯಿತು. ನನ್ನದೂ ಹೋಯಿತು, ಅವರು ನನಗೆ ಬಿಟ್ಟದ್ದೂ ಹೋಯಿತು.

ಎರಡನೆಯದು ಕಟ್ಲೆಟ್. ಮೂರನೆಯದು ಉಬ್ಬಿದ ಪೂರಿ, ಕುರ್ಮಾ. ಎರಡೂ ಸಲ ಹಾಗೇ. ಅರ್ಧ ಕಟ್ಲೆಟ್ ಉಳಿಸಿದರು, ಹೋಯಿತು. ಒಡೆಯದ ಒಂದು ಪೂರಿಯನ್ನು ಅಂಚಿಗೆ ಸರಿಸಿಟ್ಟರು. ಗರಿಗರಿ ನನಗೆ ಸೇರುತ್ತದೆ ಅಂತ ಅವರ ಕೈಗೆ ಗೊತ್ತಿತ್ತು. ಅದೂ ಹೋಯಿತು. ಸಾಬರ ಬೆನ್ನು ಅಡುಗೆಮನೆಯ ಬಾಗಿಲಿನಲ್ಲಿ ಮರೆಯಾಗುವವರೆಗೆ ನಾನು ಆ ಪೂರಿಯನ್ನೇ ನೋಡುತ್ತಿದ್ದೆ. ಹೊಟ್ಟೆ ಕೂಗುತ್ತಿತ್ತು. ಹೊಟ್ಟೆಗಿಂತ ಬೇರೆ ಏನೋ ಹೆಚ್ಚು ಕೂಗುತ್ತಿತ್ತು. ಎರಡು ವರ್ಷದಲ್ಲಿ ಅವರು ಬಿಟ್ಟ ತುತ್ತನ್ನು ನಾನು ಒಮ್ಮೆಯೂ ಕಳೆದಿರಲಿಲ್ಲ. ಇಲ್ಲಿ ಒಂದು ಗಂಟೆಯೊಳಗೆ ಮೂರು.

ಮೇಜಿನ ಕೆಳಗೆ ನನ್ನ ಕಾಲಿಗೆ ಅವರ ಕಾಲು ತಾಗಿತು.

"ಲೇ, ತಿನ್ನೇ" ಅಂದರು, ತುಟಿ ಅಲ್ಲಾಡದ ಹಾಗೆ.

"ನೀವು ಏಳ್ರಿ ಮೊದ್ಲು."

"ಇಲ್ಲಿ ಯಾರೂ ಏಳಾಕಿಲ್ಲ ಕಣೇ."

"ಹಂಗಾರೆ ನಾನು ಯಾವಾಗ ಉಣ್ಲಿ?"

ಅವರು ಉತ್ತರ ಕೊಡುವ ಮೊದಲೇ ಮ್ಯಾನೇಜರ ಹೆಂಡತಿ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಯಾಕಮ್ಮ, ಒಂದನ್ನೂ ಮುಟ್ಟಲೇ ಇಲ್ಲ? ನಮ್ಮ ಜೊತೆ ಕೂತು ತಿನ್ನೋದಕ್ಕೆ ಸಂಕೋಚಾನಾ, ಇಷ್ಟ ಇಲ್ವಾ?"

ನಿಮ್ಮಜ್ಜ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದರು. "ಹಂಗೇನಿಲ್ಲ ಅಮ್ಮಾವ್ರೆ. ಇವತ್ತು ಭಾನುವಾರ, ನಮ್ಮ ಮನೆದೇವ್ರು ಮೈಲಾರಲಿಂಗನ ವಾರ. ಉಪವಾಸ ಅವ್ಳೆ."

"ಅಯ್ಯೋ, ಮೊದಲೇ ಹೇಳಬಾರದಾ? ಹಣ್ಣಾದ್ರೂ ತರಿಸ್ತಿದ್ದೆ" ಅಂದರು ಆ ಅಮ್ಮ. ಅವರ ಮುಖ ಮೆತ್ತಗಾಯಿತು. ದೇವರು ದಿಂಡರು ಅಂದರೆ ಅವರಿಗೂ ಆಗುತ್ತಿತ್ತು ಅಂತ ಕಾಣುತ್ತದೆ. "ದೇವರಿಗೆ ನಡೆದುಕೊಳ್ಳೋ ಹುಡುಗಿ" ಅಂದರು ಗಂಡನ ಕಡೆ ತಿರುಗಿ. ಆಮೇಲೆ ಮನೆಯ ಮಾತೇ ತೆಗೆದರು. ಹಿತ್ತಲಲ್ಲಿ ತುಳಸಿಕಟ್ಟೆ ಇದೆ, ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಬಾರದು, ಮುಂದಿನ ವಾರವೇ ಸುಣ್ಣ ಹೊಡೆಸಿಕೊಡುತ್ತೇವೆ ಅಂದರು. ನಿಮ್ಮಜ್ಜನ ಹಣೆಯ ಬೆವರು ಆರಿತು. ಮನೆ ಸಿಕ್ಕೇಬಿಟ್ಟಿತ್ತು. ನಾನು ಇನ್ನರ್ಧ ಗಂಟೆ ಸುಮ್ಮನೆ ಹಸಿದುಕೊಂಡು ಕೂತಿದ್ದರೆ ಆಗುತ್ತಿತ್ತು.

ನಾಲ್ಕನೆಯದಾಗಿ ಪಲಾವ್ ಬಂತು. ತುಪ್ಪದಲ್ಲಿ ಹುರಿದ ಗೋಡಂಬಿ, ಒಣದ್ರಾಕ್ಷಿ. ಉಪವಾಸ ಅಂದದ್ದರಿಂದ ನನಗೆ ತಟ್ಟೆಯನ್ನೇ ಇಡಲಿಲ್ಲ. ಸಾಬರು ಮಾತ್ರ ನನ್ನ ಮುಖವನ್ನು ಒಂದು ಸಲ ನೋಡಿ ಹೋದರು. ನಿಮ್ಮಜ್ಜ ಈಗ ನಿರಾಳವಾಗಿ ಉಣ್ಣುತ್ತಿದ್ದರು, ನಲ್ಲಿಯ ಮಾತಿಗೆ ತಲೆಯಾಡಿಸುತ್ತಿದ್ದರು. ಆದರೆ ಅವರ ಚಮಚ ಗೋಡಂಬಿಯನ್ನು ಒಂದೊಂದಾಗಿ ಅಂಚಿಗೆ ಸರಿಸುತ್ತಿತ್ತು. ನಾನು ಎಣಿಸುತ್ತಿದ್ದೆ. ಒಂಬತ್ತಾದವು. ನನ್ನ ಜೀವಮಾನದಲ್ಲಿ ನಾನು ಅಷ್ಟು ಗೋಡಂಬಿ ತಿಂದಿರಲಿಲ್ಲ, ಅವರೂ ತಿಂದಿರಲಿಲ್ಲ. ತಾವು ಒಂದನ್ನೂ ತಿನ್ನಲಿಲ್ಲ. ಅವುಗಳ ಪಕ್ಕ ಒಂದು ಹಿಡಿ ಅನ್ನ ಬಿಟ್ಟು ಚಮಚ ಇಟ್ಟರು.

ಬಲಗಡೆಯಿಂದ ಸಾಬರ ಬಿಳಿ ತೋಳು ಬಂತು. ತಟ್ಟೆ ಮೇಜಿನಿಂದ ಎರಡು ಬೆರಳಿನಷ್ಟು ಮೇಲೆದ್ದಿತು.

"ಬ್ಯಾಡ್ರಿ! ಅದು ನಂದು!"

ಕೂಗಿದ್ದು ನಾನೇ ಅಂತ ಆಮೇಲೆ ಗೊತ್ತಾಯಿತು. ಎರಡೂ ಕೈಯಲ್ಲಿ ತಟ್ಟೆಯನ್ನು ಒತ್ತಿ ಹಿಡಿದಿದ್ದೆ. ಪಕ್ಕದ ಮೇಜಿನವರೂ ತಿರುಗಿದರು.

"ಅದು ನಿಮ್ಮ ಯಜಮಾನರ ಎಂಜಲು ತಟ್ಟೆ ಕಣಮ್ಮ" ಅಂದರು ಮ್ಯಾನೇಜರ ಹೆಂಡತಿ.

"ಹೂಂ ರೀ, ಅದೇ ನಂದು."

ತಟ್ಟೆಯನ್ನು ಎಳೆದುಕೊಂಡು, ಕೈಯಲ್ಲೇ, ತಲೆ ಎತ್ತದೆ ತಿಂದೆ. ಐದು ತುತ್ತಾಯಿತು. ಕಲಿತ ಚಮಚ ಪಕ್ಕದಲ್ಲೇ ಬಿದ್ದಿತ್ತು.

ಮ್ಯಾನೇಜರು ನಕ್ಕುಬಿಟ್ಟರು. "ಏನಪ್ಪಾ, ಮೈಲಾರಲಿಂಗ ಪಲಾವಿಗೆ ರಜಾ ಕೊಟ್ನಾ?"

ನಿಮ್ಮಜ್ಜನ ಕಿವಿ ಕೆಂಪಾಗಿತ್ತು. ಆ ಅಮ್ಮ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಬೇಸರವಾದದ್ದು ಎಂಜಲಿಗೋ, ಸುಳ್ಳಿಗೋ ನನಗೆ ಇವತ್ತಿಗೂ ತಿಳಿಯದು. ನಲ್ಲಿಯ ಮಾತು ಮತ್ತೆ ಬರಲಿಲ್ಲ. ಸಾಬರು ಮಾತ್ರ ಬಗ್ಗಿ ನನಗಷ್ಟೇ ಕೇಳುವಂತೆ ಅಂದರು: "ಮೊದ್ಲೇ ಒಂದ್ ಮಾತ್ ಹೇಳೋದಲ್ವಾ ತಾಯಿ? ಮೂರು ತಟ್ಟೆ ತಗಂಡು ಹೋಗಿ ಚೆಲ್ಲಿದ್ನಲ್ಲ. ನಮ್ಮ ಮನೇಲೂ ಹಿಂಗೇನೇ." ಕೊನೆಗೆ ಹಣ್ಣು, ಐಸ್‌ಕ್ರೀಮು ತಂದಾಗ ನಿಮ್ಮಜ್ಜನ ಬಟ್ಟಲನ್ನು ತೆಗೆಯದೆ ಮೆಲ್ಲಗೆ ನನ್ನ ಕಡೆ ಸರಿಸಿಟ್ಟು ಹೋದರು. ಅದರ ತಳದಲ್ಲಿ ಏನೂ ಇರಲಿಲ್ಲ. ಬಳಿದಿದ್ದರು.

ಬಸ್ ಸ್ಟಾಂಡಿನವರೆಗೆ ಅವರು ಮುಂದೆ, ನಾನು ಹಿಂದೆ. ಹೊಸದುರ್ಗದ ಬಸ್ಸಿಗೆ ಹತ್ತಿಸಿ ಕಿಟಕಿಯ ಕೆಳಗೆ ನಿಂತರು. ನನ್ನ ಕಡೆ ನೋಡದೆ, ಬಸ್ಸಿನ ಚಕ್ರ ನೋಡುತ್ತಾ ಮಾತಾಡಿದರು.

"ಒಂಬತ್ತು ಗೋಡಂಬಿಗೆ ಮನೆ ಕಳದ್ಯಲ್ಲೇ."

"ನೀವ್ಯಾಕೆ ಬಿಟ್ರಿ ಮತ್ತೆ?"

ಬಸ್ಸು ಹೊರಟಿತು.

ಆಮೇಲಿನ ಹದಿನೈದು ದಿನ ಹೇಗೆ ಕಳೆದೆ ಅಂತ ಬರೆಯಲಾರೆ. ರಾತ್ರಿ ಕುರಿ ಕೆಮ್ಮಿದರೂ ಎದ್ದು ಕೂರುತ್ತಿದ್ದೆ. ಕಸ ಗುಡಿಸುವಾಗ ಆ ಕಿಟಕಿ ಬಂದರೆ ಪೊರಕೆ ಬಿಸಾಡಿ ಬಾವಿಯ ಹತ್ತಿರ ಹೋಗಿಬಿಡುತ್ತಿದ್ದೆ. "ಏನು ಬಡ್ಕಂಡೈತೆ ನಿಂಗೆ, ಒಂದ್ಕಡೆ ನಿಲ್ಲೇ" ಅಂತ ಅತ್ತೆ ಬೈಯುತ್ತಿದ್ದರು. ಮಧ್ಯೆ ಊರಿನವರೊಬ್ಬರ ಕೈಯಲ್ಲಿ ಸುದ್ದಿ ಬಂತು. ಮನೆ ಬೇರೆಯವರಿಗೆ ಆಯಿತು, "ನಿಮ್ಮ ಫ್ಯಾಮಿಲಿ ಇನ್ನೂ ಟೌನಿಗೆ ಒಗ್ಗಿಲ್ಲ" ಅಂತ ಮ್ಯಾನೇಜರು ನಿಮ್ಮಜ್ಜನಿಗೆ ಅಂದರಂತೆ. ಅದು ನನಗೆ ಗೊತ್ತೇ ಇತ್ತು. ನನಗೆ ಗೊತ್ತಿಲ್ಲದ್ದು ಒಂದೇ: ಶನಿವಾರ ಗಂಗಾಳದಲ್ಲಿ ಏನಿರುತ್ತದೆ?

ಶನಿವಾರ ಬಂದರು. ಕೈಕಾಲು ತೊಳೆದು ಉಣ್ಣಲು ಕೂತರು. ಅತ್ತೆ ಬಡಿಸಿದರು, ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವರು ಮುದ್ದೆಯನ್ನು ನಡುವೆ ಮುರಿದು ಒಂದರ್ಧ ಉಂಡರು. ಇನ್ನರ್ಧವನ್ನು ಹಾಗೇ ಬಿಟ್ಟು, ಸಾರನ್ನು ಅದರ ಕಡೆ ಸರಿಸಿ, ಎದ್ದರು.

"ಯಾಕ್ಲಾ, ಮೈಗೆ ಹುಷಾರಿಲ್ವಾ? ಅರ್ಧ ಬಿಟ್ಯಲ್ಲ" ಅಂದರು ಅತ್ತೆ.

"ಅವಳಿಗೆ ಬಿಟ್ಟೀನವ್ವ."

ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಅತ್ತೆ ಸೌಟು ಹಿಡಿದುಕೊಂಡು ಹಾಗೇ ನಿಂತರು. ನಿಮ್ಮಜ್ಜ ಕೈ ತೊಳೆಯುತ್ತಾ, ಅದೇ ಧ್ವನಿಯಲ್ಲಿ ಮುಂದಿನದನ್ನೂ ಹೇಳಿದರು. ಅವರು ಮಿಲ್ಲಿಗೆ ಸೈಕಲ್ಲಿನಲ್ಲಿ ಹೋಗುವಾಗ ಹೋಟೆಲಿನ ಆ ಸಾಬರು ಕರೆದು, "ಆ ಮನೆ ಸಿಕ್ತಾ?" ಅಂತ ಕೇಳಿದರಂತೆ. ಇಲ್ಲ ಅಂದದ್ದಕ್ಕೆ, "ನಮ್ಮ ಮನೆ ಹಿಂದೆ ಒಂದು ಕೋಣೆ ಐತೆ, ನಲ್ಲಿ ಇಲ್ಲ, ಬಾವಿ ಐತೆ, ಕರ್ಕಂಡು ಬರ್ರಿ" ಅಂದರಂತೆ.

"ಸೋಮವಾರ ಅವಳೂ ನಂಜೊತೆ ಬರ್ತಾಳವ್ವ."

"ಕುರಿ ನೋಡೋರು ಯಾರ್ಲಾ?"

"ಹೆಂಗೋ ಆಗ್ತೈತೆ."

ಅತ್ತೆ ಒಂದು ದಿನ ಮುಖ ಊದಿಸಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ರಾಗಿ ಹಿಟ್ಟು, ಹುರುಳಿಕಾಳು ಕಟ್ಟಿಕೊಟ್ಟರು. ಗಂಟಿನಲ್ಲಿ ನಿಮ್ಮಜ್ಜನ ಗಂಗಾಳವನ್ನು ಇಟ್ಟರು. ಒಂದೇ ಒಂದು. ಎರಡು ಬೇಕಾಗುತ್ತದೆ ಅಂತ ಅತ್ತೆಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಕೋಣೆಯ ಕಿಟಕಿಯಲ್ಲಿ ಬೆಟ್ಟ ಕಾಣುತ್ತಿರಲಿಲ್ಲ, ಸಾಬರ ಮನೆಯ ಕೋಳಿಗೂಡು ಕಾಣುತ್ತಿತ್ತು. ಅವತ್ತು ಮುದ್ದೆ, ಹುರುಳಿಸಾರು ಮಾಡಿದೆ. ಬಡಿಸಿ ಬಾಗಿಲ ಹತ್ತಿರ ಹೋಗಿ ನಿಂತೆ. ಅವರು ಮುದ್ದೆಯನ್ನು ಎರಡು ಮಾಡಿ ಒಂದನ್ನು ಆಚೆ ಅಂಚಿಗೆ ತಳ್ಳಿ, "ಕುಂತ್ಕ" ಅಂದರು.

"ನೀವು ಉಣ್ರಿ, ನಂದು ಆಮೇಲೆ."

"ಆಮೇಲೆ ಅಂದ್ರೆ ಯಾರಾರ ಎತ್ಕಂಡು ಹೋಗ್ತಾರೆ."

ನಾನು ಬಾಗಿಲು ಹಾಕಿ ಬಂದು ಕೂತೆ. ಹಾಕಿದೆನೋ ಇಲ್ಲವೋ ಅಂತ ಇನ್ನೊಂದು ಸಲ ಎದ್ದು ನೋಡಿದೆ. ಆಮೇಲೆ ಒಂದೇ ಗಂಗಾಳದಲ್ಲಿ, ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಉಂಡೆವು. ಅವರು ನಡುವೆ ಎರಡು ಸಲ ನಕ್ಕರು. ನಾನು ನಾಚಿಕೆಗೆ ಗಂಗಾಳ ಬಿಟ್ಟು ಕಣ್ಣೆತ್ತಲಿಲ್ಲ.

ಆಮೇಲೆ ತಟ್ಟೆಗಳು ಹೆಚ್ಚಿದವು, ಮಕ್ಕಳಾದವು, ಮೇಜು ಬಂತು. ಆದರೂ ಅವರು ಇರುವವರೆಗೆ ಯಾವ ತಟ್ಟೆಯಲ್ಲೂ ಅಂಚಿನ ತುತ್ತು ತಪ್ಪಲಿಲ್ಲ. ಅವರು ಹೋಗಿ ಇಷ್ಟು ವರ್ಷವಾಯಿತು, ನನ್ನ ಕೈಗೆ ಮಾತ್ರ ಇನ್ನೂ ಬುದ್ಧಿ ಬಂದಿಲ್ಲ. ಹೋದ ತಿಂಗಳು ಬೆಂಗಳೂರಿನ ಆ ಹೋಟೆಲಿನಲ್ಲಿ ದೊಡ್ಡವಳು ತಟ್ಟೆಯ ಅಂಚಿಗೆ ಏನೋ ಕೆಂಪಗಿನದನ್ನು ಒಂದು ತುತ್ತು ಸರಿಸಿಟ್ಟಿದ್ದಳು. ಸೇರದೆ ಬಿಟ್ಟದ್ದು ಅಂತ ಕಾಣುತ್ತದೆ, ಯಾರಿಗೂ ಅಂತ ಬಿಟ್ಟದ್ದಲ್ಲ. ಬಲಗಡೆಯಿಂದ ಬಿಳಿ ತೋಳು ಬಂತು, ತಟ್ಟೆ ಎರಡು ಬೆರಳಿನಷ್ಟು ಮೇಲೆದ್ದಿತು. ಅಷ್ಟೇ ಆದದ್ದು.

ಮತ್ತೆ ಅಂಥ ಕಡೆ ಕರೆದುಕೊಂಡು ಹೋದರೆ ನನ್ನನ್ನು ಗೋಡೆಯ ಕಡೆ ಕೂರಿಸಿ, ಯಾರ ತಟ್ಟೆಯೂ ಕೈಗೆ ಎಟುಕದ ಹಾಗೆ. ಇಲ್ಲವಾದರೆ ಬಳಿದು ತಿನ್ನಿ.